ಬೇಸಿಗೆಯ ಕೊನೆಗೂ ನೀರು ಉಳಿಯುವ ದೊಣೆಗಳು: ಆರ್ಮಿಸ್ಟನ್ ಕಮರಿಯನ್ನು ನೋಡಿ ಬಂದ ಮೇಲೆ ದುರ್ಗದ ಬೆಟ್ಟಸಾಲಿನ ಬಗ್ಗೆ ಒಂದು ವಿಚಾರಣೆ

ಕೋಟೆ ನಡಿಗೆ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಮೂವತ್ತು ವರ್ಷಕ್ಕೂ ಮಿಕ್ಕಿ ಬೆಳಗಿನ ನಡಿಗೆಗೆ ಮೇಲುದುರ್ಗವನ್ನೇ ಆರಿಸಿಕೊಂಡು ಬಂದವನು ನಾನು. ಕಳೆದ ವರ್ಷ ಜುಲೈ ತಿಂಗಳಲ್ಲಿ ಮಗಳ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋಗಿದ್ದಾಗ, ಅವಳೂ ಅಳಿಯಂದಿರೂ ನನ್ನನ್ನು ಆ ಖಂಡದ ನಟ್ಟನಡುವಿನ ಒಣನಾಡಿಗೆ ಕರೆದೊಯ್ದರು. ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 135 ಕಿಲೋಮೀಟರ್ ದೂರದಲ್ಲಿ, ಮ್ಯಾಕ್‌ಡೊನೆಲ್ ಬೆಟ್ಟಸಾಲಿನೊಳಗೆ, ಆರ್ಮಿಸ್ಟನ್ ಎಂಬ ಕಮರಿ ಇದೆ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 280 ಮಿಲಿಮೀಟರ್‌ನಷ್ಟು. ನಮ್ಮ ಚಳ್ಳಕೆರೆ, ಹಿರಿಯೂರುಗಳ ಮಳೆಯೇ ಅದಕ್ಕಿಂತ ಹೆಚ್ಚು. ದಾರಿಯುದ್ದಕ್ಕೂ ಸಿಕ್ಕ ಹೊಳೆಗಳೆಲ್ಲ ಬರಿಯ ಮರಳಿನ ಪಾತ್ರಗಳಾಗಿದ್ದವು. ಆದರೆ ಕಮರಿಯ ಬಾಯಿಗೆ ಬಂದು ನಿಂತಾಗ, ಕೆಂಪು ಬಂಡೆಗೋಡೆಗಳ ಬುಡದಲ್ಲಿ ಒಂದು ಮಡು ಕಪ್ಪಾಗಿ, ತುಂಬಿಕೊಂಡು, ಅಲುಗಾಡದೆ ನಿಂತಿತ್ತು. ಅದರ ದಕ್ಷಿಣದ ತುದಿಯಲ್ಲಿ ಆಳ ಸುಮಾರು 14 ಮೀಟರ್ ಎಂದು ಅಲ್ಲಿನವರು ಹೇಳುತ್ತಾರೆ.

ಬೆಟ್ಟಗಳು ಸುತ್ತುವರಿದ ವಿಶಾಲವಾದ ಬಯಲೊಂದನ್ನು ಹಾದು, ಕಮರಿಯ ಒಳಗಿನಿಂದ ಮಡುವಿನ ಬಳಿಗೆ ಮರಳುವ ಎಂಟೂವರೆ ಕಿಲೋಮೀಟರ್‌ಗಳಷ್ಟರ ಕಾಲುದಾರಿಯಲ್ಲಿ ನಾವು ನಡೆದೆವು. ದಾರಿಯ ಕೊನೆಯ ಭಾಗದಲ್ಲಿ ಗುಂಡುಗಳ ಮೇಲೆ ಕಾಲಿಟ್ಟು ದಾಟಬೇಕು, ನೀರು ಹೆಚ್ಚಿದ್ದರೆ ನೀರಿನೊಳಗೇ ನಡೆಯಬೇಕು. ಸಂಜೆಯ ಹೊತ್ತಿಗೆ ಬಂಡೆಯ ಅಂಚಿನಲ್ಲಿ ಕಪ್ಪು ಪಾದದ ಸಣ್ಣ ವಾಲಬಿಯೊಂದು, ಕಾಂಗರೂವಿನ ಬಳಗದ ಪ್ರಾಣಿ, ಕಾಣಿಸಿಕೊಂಡಿತು. ಅದು ನಾವು ಸರಿದು ಹೋಗುವವರೆಗೂ ಕೆಳಗಿಳಿಯದೆ ಕಾದಿತ್ತು. ಅದು ಕಾದದ್ದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಊರಿಗೆ ಮರಳಿದ ಮೇಲೆ, ನಮ್ಮ ಬೆಟ್ಟಸಾಲನ್ನೇ ನಾನು ಸರಿಯಾಗಿ ನೋಡಿಲ್ಲ ಎನ್ನಿಸತೊಡಗಿದೆ. ಜೋಗಿಮಟ್ಟಿಯ ಕಡೆಯ ಕೊರಕಲುಗಳಲ್ಲಿ, ಚಂದ್ರವಳ್ಳಿಯ ಹಿಂಬದಿಯಲ್ಲಿ, ಮೊಳಕಾಲ್ಮೂರಿನ ಗುಡ್ಡಗಳಲ್ಲಿ ಹಳಬರು ದೊಣೆಗಳೆಂದು ಕರೆಯುತ್ತಿದ್ದ ನೀರಿನ ಕುಳಿಗಳು ಎಷ್ಟಿವೆ, ಅವುಗಳಲ್ಲಿ ಮೇ ತಿಂಗಳ ಕೊನೆಯವರೆಗೂ ನೀರು ಹಿಡಿದಿಡುವಂಥವು ಯಾವುವು? ಬಲ್ಲವರೆಲ್ಲ ತಿಳಿಸಿದರೆ ಒಂದು ಪಟ್ಟಿಯನ್ನೂ ನಕ್ಷೆಯನ್ನೂ ಸಿದ್ಧಪಡಿಸಿ, ಚಾರಣಕ್ಕೆ ಹೋಗುವವರ ಉಪಯೋಗಕ್ಕೆ ಇಲ್ಲಿಯೇ ಹಾಕಬೇಕೆಂದಿದ್ದೇನೆ.

ಕಲ್ಲು ಮಣ್ಣು, ದಾವಣಗೆರೆ

ಸರ್, ತಮ್ಮ ಬರಹವನ್ನು ಎರಡು ಬಾರಿ ಓದಿದೆ. ನಾನು ಭೂವಿಜ್ಞಾನದ ವಿದ್ಯಾರ್ಥಿನಿ. ತಾವು ಕಂಡದ್ದೂ ನಮ್ಮಲ್ಲಿರುವುದೂ ನೋಟಕ್ಕೆ ಒಂದೇ ಆದರೂ ಹುಟ್ಟಿನಲ್ಲಿ ಎರಡು ಬೇರೆ ಬೇರೆ ಜಾತಿಯವು ಎಂಬುದನ್ನು ಮೊದಲು ಹೇಳಬೇಕೆನ್ನಿಸಿತು.

ಆರ್ಮಿಸ್ಟನ್‌ನ ಮಡು ಹೊಳೆಯೇ ಕೊರೆದುಕೊಂಡ ಮಡು. ಆ ಸಾಲಿನ ಬಂಡೆ ಕ್ವಾರ್ಟ್ಜೈಟ್, ಅಂದರೆ ಮರಳುಗಲ್ಲು ಭೂಮಿಯೊಳಗೆ ಬೆಂದು, ಕಣಕ್ಕೆ ಕಣ ಬೆಸೆದುಕೊಂಡು ಗಟ್ಟಿಯಾದದ್ದು. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ದೊಡ್ಡ ಮಳೆಯಾದಾಗ ಅಗಲವಾದ ಬಯಲಿನ ನೀರೆಲ್ಲ ಒಟ್ಟಾಗಿ ಇಕ್ಕಟ್ಟಾದ ಕಮರಿಯೊಳಕ್ಕೆ ನುಗ್ಗುತ್ತದೆ. ಆಗ ಅದರ ರಭಸ ಹೆಚ್ಚಿ, ತಳದ ಮರಳನ್ನೂ ಕಲ್ಲನ್ನೂ ತೋಡಿ ಹೊರಗೆಸೆಯುತ್ತದೆ. ಮಡು ಅತ್ಯಂತ ಆಳವಾಗಿರುವುದು ಹೆಚ್ಚಾಗಿ ಇಂಥ ಇಕ್ಕಟ್ಟಿನಲ್ಲಿಯೇ. ನೆರೆ ಇಳಿದ ಮೇಲೆ ಎತ್ತರದ ಗೋಡೆಗಳು ದಿನದ ಬಹುಪಾಲು ನೆರಳು ಕೊಡುತ್ತವೆ, ಮೇಲ್ಗಡೆಯ ಮರಳಿನಲ್ಲಿ ಇಂಗಿದ ನೀರು ನಿಧಾನವಾಗಿ ಒಸರಿ ಮಡುವಿಗೆ ಬಂದು ಸೇರುತ್ತದೆ. ಆ ಹಳ್ಳ ಮುಂದೆ ಫಿಂಕ್ ನದಿಯ ಮೂಲಗಳಲ್ಲಿ ಒಂದಾಗುತ್ತದೆ. ಫಿಂಕ್ ವರ್ಷದ ಬಹುಪಾಲು ಹರಿಯುವುದೇ ಇಲ್ಲ, ಅದರ ಮೀನುಗಳು ಇಂಥ ಮಡುಗಳಲ್ಲಿ ಜೀವ ಹಿಡಿದುಕೊಂಡಿದ್ದು, ನೆರೆ ಬಂದಾಗ ನದಿಯುದ್ದಕ್ಕೂ ಹರಡಿಕೊಳ್ಳುತ್ತವೆ.

ನಮ್ಮ ದುರ್ಗದ ಬೆಟ್ಟದ ಗ್ರಾನೈಟ್ ಸುಮಾರು 260 ಕೋಟಿ ವರ್ಷ ಹಳೆಯದು. ಅದರ ಮೇಲಿನ ದೊಣೆಗಳು ಬಹುಮಟ್ಟಿಗೆ ನಿಂತ ನೀರೇ ಮಾಡಿಕೊಂಡ ಕುಳಿಗಳು. ಬಂಡೆಯ ಮೇಲೆ ಅಂಗೈಯಗಲದ ಒಂದು ತಗ್ಗಿದ್ದರೆ ಸಾಕು, ಅಲ್ಲಿ ಮಳೆನೀರು ನಿಲ್ಲುತ್ತದೆ, ನಿಂತ ನೀರು ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಖನಿಜವನ್ನು ನಿಧಾನವಾಗಿ ಜೇಡಿಯನ್ನಾಗಿ ಮಾಡುತ್ತದೆ, ಹಿಡಿತ ಕಳೆದುಕೊಂಡ ಬೆಣಚಿನ ಹರಳುಗಳು ಬಿಡಿಬಿಡಿಯಾಗುತ್ತವೆ, ಬೇಸಿಗೆಯಲ್ಲಿ ಗಾಳಿ ಅವನ್ನು ಗುಡಿಸಿಕೊಂಡು ಹೋಗುತ್ತದೆ. ತಗ್ಗು ಹಿರಿದಾದಷ್ಟೂ ನೀರು ಹೆಚ್ಚು ನಿಲ್ಲುತ್ತದೆ, ನೀರು ಹೆಚ್ಚಾದಷ್ಟೂ ತಗ್ಗು ಇನ್ನಷ್ಟು ಹಿರಿದಾಗುತ್ತದೆ. ಆಸ್ಟ್ರೇಲಿಯಾದಲ್ಲಿಯೂ ಗ್ರಾನೈಟ್ ಗುಡ್ಡಗಳ ಮೇಲೆ ಇಂಥವು ಇವೆ, ಅವನ್ನು ಅಲ್ಲಿನ ಮೂಲನಿವಾಸಿಗಳ ಮಾತಿನಿಂದಲೇ ಬಂದ ನಮ್ಮಾ ಎಂಬ ಹೆಸರಿನಿಂದ ಕರೆಯುತ್ತಾರೆ.

ಕೊನೆಯವರೆಗೂ ಯಾವುದು ಉಳಿಯುತ್ತದೆ ಎಂಬ ತಮ್ಮ ಪ್ರಶ್ನೆಗೆ ಒಂದು ಸರಳವಾದ ಲೆಕ್ಕವಿದೆ. ಬಿಸಿಲಿನಲ್ಲಿ ದಿನಕ್ಕೆ ಏಳು ಮಿಲಿಮೀಟರ್ ನೀರು ಆವಿಯಾಗುತ್ತದೆಂದು ಹಿಡಿದರೆ, ಶಿವರಾತ್ರಿಯಿಂದ ರೋಹಿಣಿ ಮಳೆಯವರೆಗಿನ ಸುಮಾರು ನೂರು ದಿನಗಳಲ್ಲಿ 70 ಸೆಂಟಿಮೀಟರ್ ನೀರು ಬರಿಯ ಗಾಳಿಗೆ ಹೋಗುತ್ತದೆ. ಮೊಣಕಾಲುದ್ದದ ದೊಣೆ ಎಷ್ಟೇ ಅಗಲವಾಗಿದ್ದರೂ ಬಯಲಿನಲ್ಲಿದ್ದರೆ ಒಣಗಿಹೋಗುತ್ತದೆ. ಅಗಲ ಕಡಿಮೆಯಿದ್ದು, ಎದೆಯುದ್ದ ಆಳವಿದ್ದು, ಮೇಲೆ ಗುಂಡೊಂದು ಚಾಚಿಕೊಂಡು ನೆರಳಾಗಿದ್ದರೆ ಮಾತ್ರ ಅದು ಉಳಿದೀತು. ಹಾಗಾಗಿ ದೂರದಿಂದ ಚೆನ್ನಾಗಿ ಕಾಣಿಸುವ ದೊಣೆಗಳಲ್ಲ, ಬಗ್ಗಿ ಇಣುಕಿದರಷ್ಟೇ ಕಾಣಿಸುವ ದೊಣೆಗಳೇ ತಮ್ಮ ಪಟ್ಟಿಗೆ ಸೇರಬೇಕಾದವು.

ಸಂತೆಹೊಂಡದ ಹತ್ತಿರದವರು, ಚಿತ್ರದುರ್ಗ

ಕೋಟೆ ನಡಿಗೆಯವರೇ, ಇದಕ್ಕೆ ಜೋಗಿಮಟ್ಟಿಯವರೆಗೆ ಹೋಗಬೇಕಾಗಿಯೇ ಇಲ್ಲ. ದಿನವೂ ತಾವು ಹತ್ತಿಳಿಯುವ ಕೋಟೆಯೇ ಈ ವಿದ್ಯೆಯ ಪಾಠಶಾಲೆಯಾಗಿದೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ನೀರಿಳಿಯುವಂತೆ ಪಾಳೆಯಗಾರರ ಕಾಲದವರು ಬೆಟ್ಟದ ಇಳಿಜಾರನ್ನು ಬಳಸಿಕೊಂಡರು. ಬಂಡೆಯ ಮೇಲೆ ಬಿದ್ದ ಹನಿ ಇಂಗದೆ ಜಾರುತ್ತದೆ ಎಂಬುದನ್ನು ತೊಂದರೆಯೆಂದು ತಿಳಿಯದೆ ಅನುಕೂಲವೆಂದು ತಿಳಿದವರು ಅವರು. 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ಅಷ್ಟು ಮುತ್ತಿಗೆಗಳನ್ನು ಈ ಕೋಟೆ ತಡೆದುಕೊಂಡದ್ದರಲ್ಲಿ ಕಲ್ಲಿನ ಗೋಡೆಗಳಿಗೆ ಎಷ್ಟು ಪಾಲಿದೆಯೋ ಈ ನೀರಿಗೂ ಅಷ್ಟೇ ಪಾಲಿದೆ. ಓಬವ್ವ ನೀರು ತರಲು ಹೋದದ್ದು ತಣ್ಣೀರು ದೋಣಿಗೆ ಎಂದು ದುರ್ಗದ ಮಕ್ಕಳೆಲ್ಲ ಕೇಳಿಯೇ ಬೆಳೆಯುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ, ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅವನು ಗೆದ್ದ ನಾಡುಗಳ ಹೆಸರಿನ ಜೊತೆಗೆ ಅದರಲ್ಲಿರುವ ವಿಷಯ ಒಂದು ತಟಾಕವನ್ನು ಕಟ್ಟಿಸಿದ್ದು. ಸಾಮ್ರಾಜ್ಯ ಕಟ್ಟಿದವನು ತನ್ನ ಶಾಸನದಲ್ಲಿ ಹೇಳಿಕೊಳ್ಳಬೇಕೆಂದುಕೊಂಡದ್ದು ಒಂದು ಕೆರೆಯ ಸಂಗತಿಯನ್ನು ಎಂಬುದು ಈ ಒಣನಾಡಿನ ಬಗ್ಗೆ ಬಹಳಷ್ಟನ್ನು ತಿಳಿಸುತ್ತದೆ. ದೊಣೆ ಎಂಬ ಮಾತಿಗೂ ಅಂಥದೇ ಗೌರವವಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಕಂಚಿನ ದೊಣೆ, ಲಕ್ಕಿ ದೊಣೆ ಎಂಬ ಹೆಸರುಗಳು ಇಂದಿಗೂ ಉಳಿದಿವೆ.

ಕಮರಿಯ ಇಕ್ಕಟ್ಟಿನ ವಿಚಾರ ಬಂದದ್ದರಿಂದ ಇನ್ನೊಂದು ಮಾತು. ವೇದಾವತಿ ಹೊಳೆ ಬೆಟ್ಟಗಳ ನಡುವೆ ನುಸುಳುವ ಇಕ್ಕಟ್ಟೇ ಮಾರಿಕಣಿವೆ. 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದ ಅಣೆಕಟ್ಟು ನಿಂತಿರುವುದು ಅಲ್ಲಿಯೇ. 1933ರ ನಂತರ ಅದು ಮೊದಲ ಬಾರಿಗೆ ಕೋಡಿ ಬಿದ್ದದ್ದು 2022ರಲ್ಲಿ. ಆ ದಿನ ನಮ್ಮ ಮನೆಯವರೆಲ್ಲ ಹೋಗಿ ಕೋಡಿಯ ನೀರಿಗೆ ಅರಿಸಿನ ಕುಂಕುಮ ಹಾಕಿ ಕೈಮುಗಿದು ಬಂದೆವು.

ಜಗಳೂರು ಮೇಷ್ಟ್ರು

ವಿಷಯ ಬಹಳ ಒಳ್ಳೆಯದು. ಆದರೆ ನಕ್ಷೆಯ ವಿಚಾರಕ್ಕೆ ನನ್ನ ಸಮ್ಮತಿ ಇಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬಾರದು.

ನಮ್ಮ ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮವಿದೆ. ಗಂಡು ಕೊಂಡುಕುರಿಗೆ ನಾಲ್ಕು ಕೊಂಬು, ಗಾತ್ರದಲ್ಲಿ ಹೆಚ್ಚುಕಡಿಮೆ ಆಡಿನಷ್ಟು, ಸ್ವಭಾವದಲ್ಲಿ ಅತಿ ನಾಚಿಕೆಯ ಪ್ರಾಣಿ. ಚಿಂಕಾರ ಜಿಂಕೆ ಮೇವಿನ ತೇವದಲ್ಲಿಯೇ ಬಹಳ ದಿನ ಕಳೆಯಬಲ್ಲದು, ಕೊಂಡುಕುರಿ ಹಾಗಲ್ಲ, ಅದಕ್ಕೆ ಪದೇಪದೇ ನೀರು ಬೇಕು, ಹಾಗಾಗಿ ನೀರಿನ ಆಸುಪಾಸು ಬಿಟ್ಟು ದೂರ ಹೋಗುವುದಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಗುಡ್ಡದಲ್ಲಿ ಉಳಿದಿರುವ ದೊಣೆ ಒಂದೋ ಎರಡೋ ಆದರೆ, ಆ ಒಂದೆರಡರ ಗುರುತು ಸಿಕ್ಕವನಿಗೆ ಇಡೀ ಗುಡ್ಡದ ಪ್ರಾಣಿಗಳ ಗುರುತೂ ಸಿಕ್ಕಂತೆಯೇ. ಉರುಳು ಹಾಕುವವನು ಹುಡುಕಿಕೊಂಡು ಅಲೆಯಬೇಕಾಗಿಲ್ಲ, ನೀರಿನ ಬಳಿ ಕಾದರೆ ಸಾಕು. ಕಾಡುಬೇಟೆಯ ಉದ್ದೇಶವಿಲ್ಲದ ಒಳ್ಳೆಯ ಚಾರಣಿಗರೇ ಆದರೂ, ಹತ್ತು ಮಂದಿ ಸಂಜೆಯ ಹೊತ್ತು ಅಲ್ಲಿ ಕುಳಿತು ಬುತ್ತಿ ಬಿಚ್ಚಿದರೆ, ಆ ದಿನ ಪ್ರಾಣಿಗಳು ನೀರಿಲ್ಲದೆ ಹಿಂದಿರುಗುತ್ತವೆ. ತಾವು ಕಂಡ ಆ ವಾಲಬಿ ಬಂಡೆಯ ಅಂಚಿನಲ್ಲಿ ಕಾದದ್ದು ಇದಕ್ಕೇ ಅಲ್ಲವೇ? ಆರ್ಮಿಸ್ಟನ್ ಮಡುವಿನ ಬಳಿ ಒಂದು ದಿನ ಕಾಯುವುದು ಅದಕ್ಕೆ ಹೊರೆಯಾಗದಿರಬಹುದು, ಅಲ್ಲಿ 14 ಮೀಟರ್ ನೀರಿದೆ. ನಮ್ಮ ದೊಣೆಯಲ್ಲಿ ಆ ಹೊತ್ತಿಗೆ ಇರುವುದು ಒಂದು ಗೇಣು.

ಜೋಗಿಮಟ್ಟಿಯೂ ವನ್ಯಧಾಮವೇ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವುದು ಅಪರಾಧವಾಗುತ್ತದೆ ಎಂಬುದನ್ನು ಓದುಗರ ಗಮನಕ್ಕೆ ತರುತ್ತೇನೆ.

ಹೊಳಲ್ಕೆರೆ ಯುವಕ

ಮೇಷ್ಟ್ರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಬಚ್ಚಿಟ್ಟರೆ ಮಾತ್ರ ಉಳಿಯುತ್ತದೆ ಎಂಬುದನ್ನು ಒಪ್ಪಲಾರೆ. ಯಾರಿಗೂ ಗೊತ್ತಿಲ್ಲದ ದೊಣೆಯ ಮೇಲೆ ನಾಳೆ ಕಲ್ಲುಗಣಿ ಬಂದರೆ ಕೇಳುವವರು ಯಾರು? ಗೊತ್ತಿದ್ದವರು ಹೆಚ್ಚಾದರೆ ಹೂಳು ತೆಗೆಸಬಹುದು, ಸುತ್ತಲೂ ಸಿಮೆಂಟಿನ ಕಟ್ಟೆ ಹಾಕಿಸಿ ಇನ್ನೆರಡು ಅಡಿ ನೀರು ಹೆಚ್ಚಾಗಿ ನಿಲ್ಲುವಂತೆ ಮಾಡಬಹುದು. ಪ್ರತಿ ಬೇಸಿಗೆಯಲ್ಲಿ ಎರಡು ಭಾನುವಾರ ಇಂಥ ಕೆಲಸಕ್ಕೆ ಕೊಡಲು ನಮ್ಮ ಗೆಳೆಯರ ಬಳಗ ಸಿದ್ಧವಿದೆ.

ಮಳೆ ನಕ್ಷತ್ರ, ಹಿರಿಯೂರು

ತಮ್ಮಾ, ನಿನ್ನ ಉತ್ಸಾಹ ನೋಡಿ ಸಂತೋಷವಾಯಿತು. ನಿನ್ನ ವಯಸ್ಸಿನಲ್ಲಿ ನಾವೂ ಇದನ್ನೇ ಮಾಡಿದೆವು, ಅದರಿಂದ ಏನಾಯಿತೆಂಬುದನ್ನು ಹೇಳುವುದು ನನ್ನ ಕರ್ತವ್ಯವೆಂದು ತಿಳಿದು ಬರೆಯುತ್ತಿದ್ದೇನೆ.

ನಮ್ಮೂರ ಹತ್ತಿರದ ಗುಡ್ಡವೊಂದರ ಕೊರಕಲಿನಲ್ಲಿ, ಎರಡು ಗುಂಡುಗಳ ನಡುವೆ ಒಂದು ದೊಣೆ ಇತ್ತು. ಯುಗಾದಿಯ ಹೊತ್ತಿಗೆ ನೀರು ಸೊಂಟಮಟ್ಟ, ಭರಣಿ ಮಳೆ ಬರುವ ಹೊತ್ತಿಗೆ ಮೊಣಕಾಲಿನ ಕೆಳಗೆ, ಆದರೆ ನಾನು ಕಂಡಂತೆ ಪೂರ್ತಿ ಒಣಗಿದ್ದಿಲ್ಲ. ತಳದಲ್ಲಿ ಕರಿಯ ಕೆಸರು ದಪ್ಪವಾಗಿ ಕುಳಿತಿತ್ತು. ಹೂಳು ತೆಗೆದರೆ ನೀರು ಹೆಚ್ಚು ನಿಲ್ಲುತ್ತದೆಂದು ನಾವು ಎಂಟು ಜನ ಸೇರಿ ಒಂದು ಬೇಸಿಗೆಯಲ್ಲಿ ಇಳಿದು, ಸನಿಕೆ, ಹಾರೆ ಹಿಡಿದು, ಬಂಡೆ ಕಾಣುವವರೆಗೆ ಕೆಸರನ್ನೆಲ್ಲ ಬಗೆದು ಹೊರಗೆ ಹಾಕಿದೆವು. ಬಹಳ ಒಳ್ಳೆಯ ಕೆಲಸ ಮಾಡಿದೆವೆಂದು ಊರಿನಲ್ಲಿ ಎಲ್ಲರೂ ಹೊಗಳಿದರು. ಆ ವರ್ಷ ಮುಂಗಾರಿನಲ್ಲಿ ದೊಣೆ ತುಂಬಿತು, ನಿಜ. ಆದರೆ ಕಾರ್ತಿಕ ಮುಗಿಯುವುದರೊಳಗೆ ನೀರು ಅರ್ಧಕ್ಕೆ ಇಳಿದಿತ್ತು, ಸಂಕ್ರಾಂತಿಯ ವೇಳೆಗೆ ದೊಣೆ ಬರಿದಾಗಿತ್ತು. ತಳದಲ್ಲಿ ಬಂಡೆ ಸೀಳಿದ್ದ ಒಂದು ಬಿರುಕಿಗೆ ಆ ಕೆಸರೇ ಅರಕಿನಂತೆ ಮೆತ್ತಿಕೊಂಡಿತ್ತು ಎಂಬುದು ನಮಗೆ ತಿಳಿದದ್ದು ಆಮೇಲೆ. ಎರಡನೆಯ ವರ್ಷ ಕೆರೆಯ ಜೇಡಿಮಣ್ಣು ಹೊತ್ತು ತಂದು ತುಳಿದು ಮೆತ್ತಿದೆವು. ನೀರು ಸ್ವಲ್ಪ ದಿನ ಹೆಚ್ಚಾಗಿ ನಿಂತಿತು, ಮೊದಲಿನಂತೆ ಮಾತ್ರ ಆಗಲಿಲ್ಲ.

ಆ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಒಣಗಿದ ತಳದಲ್ಲಿ ಕರಡಿ ಉಗುರಿನಿಂದ ಕೆರೆದ ಗುರುತುಗಳಿದ್ದವು. ಅದು ನೀರಿಗಾಗಿ ಕೆರೆದಿತ್ತು. ಇಷ್ಟು ವರ್ಷಗಳಾದರೂ ಆ ಗುರುತು ನನ್ನ ಕಣ್ಣಿನಿಂದ ಮಾಸಿಲ್ಲ.

ಕಲ್ಲು ಮಣ್ಣು, ದಾವಣಗೆರೆ

ಹಿರಿಯರು ಹೇಳಿದ್ದಕ್ಕೆ ಕಾರಣ ಸ್ಪಷ್ಟವಾಗಿದೆ. ಗ್ರಾನೈಟಿನ ಬೆಟ್ಟವೆಂದರೆ ಬಿರುಕುಗಳ ಬೆಟ್ಟವೇ. ದುರ್ಗದ ಗುಂಡುಗಳು ಗುಂಡುಗಳಾದದ್ದೇ ಬಿರುಕುಗಳ ಉದ್ದಕ್ಕೆ ಬಂಡೆ ಶಿಥಿಲಗೊಂಡದ್ದರಿಂದ. ನುಣುಪಾದ ಜೇಡಿ ನೂರಾರು ಮಳೆಗಾಲಗಳಲ್ಲಿ ಪದರಪದರವಾಗಿ ಇಳಿದು ಆ ಬಿರುಕುಗಳನ್ನು ಮುಚ್ಚಿರುತ್ತದೆ, ಹಾರೆಯ ಒಂದು ಪೆಟ್ಟಿಗೆ ಅದು ತೆರೆದುಕೊಳ್ಳುತ್ತದೆ.

ಆ ಕೆಸರಿನಲ್ಲಿ ಜೀವವೂ ಇದೆ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಬಂಡೆಯ ಕುಳಿಗಳಲ್ಲಿ ಬೆನ್ನು ಕೆಳಗಾಗಿ ಈಜುವ, ಸೀಗಡಿಯ ದೂರದ ಬಳಗದ ಪಾರದರ್ಶಕ ಜೀವಿಗಳು ಕಾಣಿಸಿಕೊಳ್ಳುತ್ತವೆ. ಅವುಗಳ ಮೊಟ್ಟೆ ಪೂರ್ತಿ ಒಣಗಿ, ಕಾದ ಧೂಳಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ನೀರು ಸೋಕಿದೊಡನೆ ಒಡೆಯಬಲ್ಲದು. ಹೂಳೆಂದು ನಾವು ಹೊರಗೆಸೆಯುವುದು ಬಹುಪಾಲು ಅವುಗಳ ಬಿತ್ತನೆಯನ್ನೇ. ಪ್ಲಾಸ್ಟಿಕ್ ಹೆಕ್ಕುವುದು, ಮೇಲಿನಿಂದ ಬಿದ್ದ ಕೊಂಬೆರೆಂಬೆ ತೆಗೆಯುವುದು, ಇಷ್ಟು ಸಾಕು.

ಸಿಮೆಂಟಿನ ಕಟ್ಟೆಯ ಬಗ್ಗೆ ನನಗೆ ಹೆಚ್ಚಿನ ಭಯವಿದೆ. ಸಹಜವಾದ ದೊಣೆಗೆ ಒಂದು ಬದಿಯಾದರೂ ಇಳಿಜಾರಿರುತ್ತದೆ, ನೀರು ತಗ್ಗಿದಂತೆ ಪ್ರಾಣಿ ಒಂದೊಂದೇ ಹೆಜ್ಜೆ ಕೆಳಗಿಳಿದು ಕುಡಿಯುತ್ತದೆ. ನೆಟ್ಟಗಿನ ಕಟ್ಟೆ ಕಟ್ಟಿದರೆ ಸಣ್ಣ ಪ್ರಾಣಿಗಳು ಬಾಯಾರಿ ಬಗ್ಗಿ ಒಳಗೆ ಬೀಳುತ್ತವೆ, ಹತ್ತಲಾರದೆ ಸಾಯುತ್ತವೆ. ಅಂಥದ್ದು ಈಗಾಗಲೇ ಎಲ್ಲಾದರೂ ಕಟ್ಟಿಯಾಗಿದ್ದರೆ, ಒಳಗೆ ಒಂದು ಮೂಲೆಯಲ್ಲಿ ಕಲ್ಲುಗಳನ್ನು ಮೆಟ್ಟಿಲಿನಂತೆ ಒಟ್ಟಿದರೂ ಎಷ್ಟೋ ಜೀವ ಉಳಿಯುತ್ತದೆ.

ಕಿಲಾರಿ ಮನೆತನದವರು, ಚಳ್ಳಕೆರೆ

ನಾವು ಮ್ಯಾಸಬೇಡರು. ನಮ್ಮ ತಾತನವರು ದೇವರ ಎತ್ತುಗಳ ಕಿಲಾರಿಯಾಗಿದ್ದರು. ಮಾರಲಾಗದ, ಉಳಲು ಕಟ್ಟಲಾಗದ ನೂರಾರು ರಾಸುಗಳನ್ನು ಹಿಂಡು ಕಟ್ಟಿಕೊಂಡು, ಮೇವು ನೀರು ಇರುವ ಕಡೆಗೆ ಗುಡ್ಡದಿಂದ ಗುಡ್ಡಕ್ಕೆ ನಡೆಸುತ್ತಿದ್ದರು. ಇಲ್ಲಿ ಎಲ್ಲರೂ ಬರೆದದ್ದನ್ನು ಓದಿದ ಮೇಲೆ ಅವರಿಂದ ಕೇಳಿದ್ದನ್ನು ಹೇಳಬೇಕೆನ್ನಿಸಿತು.

ದೊಣೆಯನ್ನು ಹುಡುಕಲು ಅವರು ಹಕ್ಕಿಯನ್ನು ನೋಡುತ್ತಿದ್ದರು. ಕಾಳು ತಿನ್ನುವ ಹಕ್ಕಿಗೆ ದಿನವೂ ನೀರು ಬೇಕು. ಬೆಳವ ಹಕ್ಕಿಗಳು ಸಂಜೆ ಒಂದೇ ದಿಕ್ಕಿಗೆ ನೇರವಾಗಿ, ತಗ್ಗಿನಲ್ಲಿ ಹಾರಿದರೆ ಮುಂದೆ ನೀರಿದೆ, ಬೇರೆಬೇರೆ ಕಡೆಯಿಂದ ಬಂದ ಜಾಡುಗಳು ಒಂದಾಗಿ ಕೂಡಿದರೆ ನೀರು ಹತ್ತಿರದಲ್ಲಿದೆ, ಜೇನುನೊಣ ಸಾಲುಗಟ್ಟಿದ್ದರೆ ಅದು ಇನ್ನೂ ಹತ್ತಿರ. ಹಳ್ಳದ ಪಾತ್ರದಲ್ಲಿ ನೀರು ಕಾಣದಿದ್ದರೆ ತಿರುವಿನ ಹೊರಮಗ್ಗುಲಲ್ಲಿ ಮರಳು ತೋಡಿ ಚಿಲುಮೆ ಮಾಡುತ್ತಿದ್ದರು, ಮೊಳದುದ್ದ ತೋಡುವುದರೊಳಗೆ ಮರಳು ತಣ್ಣಗಾಗದಿದ್ದರೆ ಬಿಟ್ಟು ಮುಂದೆ ಹೋಗುತ್ತಿದ್ದರು.

ದೊಣೆ ಸಿಕ್ಕಿದ ಮೇಲೆ ಪಾಲಿಸುವ ಕಟ್ಟಳೆಗಳು ಬೇರೆ ಇದ್ದವು. ರಾಸುಗಳನ್ನು ದೊಣೆಗೆ ಇಳಿಸುವಂತಿರಲಿಲ್ಲ, ಕೊಡದಲ್ಲಿ ಮೊಗೆದು ಪಕ್ಕದ ಬಂಡೆಯ ತಗ್ಗಿಗೆ ಹೊಯ್ದು ಕುಡಿಸಬೇಕು. ಮೆಟ್ಟು ಬಿಟ್ಟು ಹೋಗಬೇಕು. ಹೊತ್ತು ಇಳಿಯುವ ಮೊದಲು ಅಲ್ಲಿಂದ ಹೊರಡಬೇಕು, ರಾತ್ರಿಯ ನೀರು ಕರಡಿ ಚಿರತೆಗಳದು. ಒಣಗಲು ಬಂದ ದೊಣೆಯಿಂದ ಎಷ್ಟೇ ಬಾಯಾರಿದರೂ ಹಿಂಡಿಗೆ ಮೊಗೆಯಬಾರದು, ಮನುಷ್ಯ ಒಂದು ಬೊಗಸೆ ಕುಡಿಯಬಹುದು. ಇದಕ್ಕೆಲ್ಲ ಕಾರಣವೇನೆಂದು ಕೇಳಿದರೆ ದೇವರ ಮಾತು ಎಂದಷ್ಟೇ ಹೇಳುತ್ತಿದ್ದರು. ಇಂದು ನಿಮ್ಮೆಲ್ಲರ ಲೆಕ್ಕ ಓದಿದ ಮೇಲೆ ಆ ಮಾತಿನ ಒಂದೊಂದು ಅಕ್ಷರಕ್ಕೂ ಕಾರಣ ಸಿಕ್ಕಿತು.

ಈ ಜಾಗಗಳು ನಮ್ಮ ಮನೆತನದವರಿಗೆ ಗೊತ್ತು. ನಕ್ಷೆಗೆ ಮಾತ್ರ ಕೊಡಲಾರೆವು. ನೋಡಬೇಕೆಂದು ಬಂದವರನ್ನು ಜೊತೆಗೆ ಕರೆದುಕೊಂಡು ಹೋಗಬಲ್ಲೆವು.

ಹೊಳಲ್ಕೆರೆ ಯುವಕ

ಹಿರಿಯರೇ, ಕರಡಿಯ ಉಗುರಿನ ಗುರುತಿನ ವಿಚಾರ ಓದಿದ ಮೇಲೆ ಹಾರೆ, ಸಿಮೆಂಟಿನ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿದೆ. ಮೇ ತಿಂಗಳ ದೊಣೆ ಎರಡು ಚದರ ಮೀಟರ್ ಅಗಲ, 15 ಸೆಂಟಿಮೀಟರ್ ಆಳ ಉಳಿದಿದೆ ಎಂದುಕೊಂಡರೆ ಇರುವ ನೀರು 300 ಲೀಟರ್. ನಾವು ಹದಿನೈದು ಮಂದಿ ಹೋಗಿ ಬಾಟಲಿ ತುಂಬಿಸಿ, ಮುಖ ಕೈಕಾಲು ತೊಳೆದರೆ ತಲೆಗೆ ಐದು ಲೀಟರಿನಂತೆ 75 ಲೀಟರ್, ಅಂದರೆ ಕಾಲು ಭಾಗ ಒಂದೇ ಮಧ್ಯಾಹ್ನದಲ್ಲಿ ಹೋಗುತ್ತದೆ. ಇನ್ನು ಮುಂದೆ ನಮ್ಮ ಬಳಗದವರು ಬೇಸಿಗೆಯಲ್ಲಿ ಗುಡ್ಡ ಹತ್ತುವುದಾದರೆ ಒಬ್ಬೊಬ್ಬರೂ ಮನೆಯಿಂದಲೇ ಐದು ಲೀಟರ್ ಹೊತ್ತುಕೊಂಡು ಹೋಗುತ್ತೇವೆ.

ಕೋಟೆ ನಡಿಗೆ, ಚಿತ್ರದುರ್ಗ

ಎಲ್ಲರಿಗೂ ಹೃದಯಪೂರ್ವಕ ವಂದನೆಗಳು. ನಕ್ಷೆಯ ಯೋಚನೆಯನ್ನು ಕೈಬಿಟ್ಟಿದ್ದೇನೆ. ನನಗೆ ಖಾಸಗಿಯಾಗಿ ಬಂದಿದ್ದ ಮೂರು ಜಾಗಗಳ ಗುರುತನ್ನೂ ಅಳಿಸಿದ್ದೇನೆ.

ಆರ್ಮಿಸ್ಟನ್‌ನ ಬಗ್ಗೆ ಹೇಳದೆ ಬಿಟ್ಟಿದ್ದ ಒಂದು ಸಂಗತಿಯನ್ನು, ಇಲ್ಲಿಂದ ಯಾರಾದರೂ ಹೋಗುವವರಿದ್ದರೆ ಉಪಯೋಗವಾಗಲೆಂದು ತಿಳಿಸುತ್ತೇನೆ. ಮಡುವಿನ ನೀರು ಮೇಲೆ ಎಷ್ಟೇ ಬಿಸಿಲಿದ್ದರೂ ಕೆಳಗೆ ಕೊರೆಯುವಷ್ಟು ತಣ್ಣಗಿರುತ್ತದೆ. ಬೆಚ್ಚಗಿನ ಮೈಯಲ್ಲಿ ಒಮ್ಮೆಲೇ ಧುಮುಕಿದವರಿಗೆ ಉಸಿರು ಕಟ್ಟಿ ಅಪಾಯವಾಗಬಹುದೆಂದು ಎಚ್ಚರಿಸುತ್ತಾರೆ. ಮೈಗೆ ಹಚ್ಚಿದ ಬಿಸಿಲಿನ ಕ್ರೀಮು, ಸೋಪು ನೀರಿನಲ್ಲಿ ಬಿಟ್ಟುಬಂದರೆ ಮುಂದಿನ ನೆರೆಯವರೆಗೂ ಅದು ಅಲ್ಲಿಯೇ ಇರುತ್ತದೆ. ಮೇಲ್ಗಡೆ ಎಲ್ಲಿಯೋ ಮಳೆಯಾದರೆ ಒಣಹಳ್ಳಕ್ಕೆ ಏಕಾಏಕಿ ನೆರೆ ಬರುತ್ತದೆ, ಕಮರಿಯೊಳಗೆ ಓಡಿ ಹತ್ತಲು ಜಾಗವಿರುವುದಿಲ್ಲ. ಅಶ್ವಿನಿ, ಭರಣಿ ಮಳೆಗಳ ಮಧ್ಯಾಹ್ನಗಳಲ್ಲಿ ನಮ್ಮ ಕೊರಕಲುಗಳಿಗೂ ಇದೇ ಮಾತು ಸಲ್ಲುತ್ತದೆ.

ಪಟ್ಟಿಯ ಬದಲಿಗೆ ಬೇರೊಂದು ಕೆಲಸ ಮಾಡೋಣವೆನ್ನಿಸಿದೆ. ಕೋಟೆಯೊಳಗೆ, ಎಲ್ಲರೂ ಓಡಾಡುವ ದಾರಿಯ ಪಕ್ಕದಲ್ಲಿಯೇ, ಗುಂಡಿನ ನೆರಳಿನ ಒಂದು ದೊಣೆಯೂ ಬಯಲಿನ ಒಂದು ದೊಣೆಯೂ ಹತ್ತಿರ ಹತ್ತಿರದಲ್ಲಿವೆ. ಅದರಲ್ಲಿ ಗುಟ್ಟಿನದೇನೂ ಇಲ್ಲ. ಶಿವರಾತ್ರಿಯ ಮರುದಿನದಿಂದ ರೋಹಿಣಿ ಮಳೆ ಬರುವವರೆಗೆ, ನೀರಿಗಿಳಿಯದೆ, ಅಂಚಿನಿಂದ ಗುರುತು ಹಾಕಿದ ಕೋಲು ಇಳಿಬಿಟ್ಟು, ವಾರಕ್ಕೆ ಎರಡು ದಿನ ಎರಡರ ಆಳವನ್ನೂ ಬರೆದಿಡುವುದು. ದಿನಕ್ಕೆ ಏಳು ಮಿಲಿಮೀಟರ್ ಎಂಬ ಲೆಕ್ಕ ನಮ್ಮ ಬಂಡೆಯ ಮೇಲೆ ಎಷ್ಟಾಗುತ್ತದೆ, ನೆರಳು ಎಷ್ಟು ದಿನ ಹೆಚ್ಚು ಉಳಿಸುತ್ತದೆ ಎಂಬುದು ಆಗ ತಿಳಿಯುತ್ತದೆ. ಶುಕ್ರವಾರದ ಅಳತೆ ನನ್ನದು. ಮಂಗಳವಾರ ಬೆಳಿಗ್ಗೆ ಏಳರೊಳಗೆ ಬರಬಲ್ಲವರು ಯಾರಾದರೂ ಇದ್ದಾರೆಯೇ?

ಸಂತೆಹೊಂಡದ ಹತ್ತಿರದವರು, ಚಿತ್ರದುರ್ಗ

ಮಂಗಳವಾರ ನಾನು ಬರುತ್ತೇನೆ. ಏಳನೇ ತರಗತಿಯ ಮೊಮ್ಮಗಳನ್ನೂ ಕರೆತರುತ್ತೇನೆ, ಬರೆದಿಡುವ ಕೆಲಸ ಅವಳದು.